ಗೇಟಿನ ಮುಂದಿನ ಜಾಗ

13 ಫೆಬ್ರವರಿ 2009, ಶುಕ್ರವಾರ. ಸಂಜೆ, ರೈಲಿನಲ್ಲಿ

ಕೊಲ್ಲಂ ದಾಟಿತು. ಕಿಟಕಿ ಪಕ್ಕ ಜಾಗ ಸಿಕ್ಕಿದೆ, ಫ್ಯಾನ್ ಮಾತ್ರ ತಿರುಗುತ್ತಿಲ್ಲ. ಎದುರಿಗೆ ವಾರವಾರ ಎರ್ನಾಕುಲಕ್ಕೆ ಹೋಗುವ ಆಫೀಸಿನ ಹೆಂಗಸರು — ಅದೇ ಬೋಗಿ, ಅದೇ ಡಬ್ಬಿ, ಅದೇ ನೇಂದ್ರಬಾಳೆ ಚಿಪ್ಸು. ನನಗೂ ಒಂದು ಹಿಡಿ ಕೊಡುತ್ತಾರೆ. ಹೆಸರು ಕೇಳಿಲ್ಲ. ಅವರ ಪಾಲಿಗೆ ನಾನು ‘ಅಕೌಂಟ್ಸ್ ಸಾರ್’. ತಿರುವನಂತಪುರದಲ್ಲಿ ಹೆಂಗಸು ಆಫೀಸರ್ ಆದರೂ ಸಾರ್. ಕೊಚ್ಚಿಯಲ್ಲಿ ಮೇಡಂ ಆಗಿದ್ದೆ. ಮೈಸೂರಿಗೆ ಹೋದರೆ ಅನಂತ ಅವರ ಮನೆಯವರು.

ಮೂರು ಊರು, ಮೂರು ಗ್ಯಾಸ್ ಸಿಲಿಂಡರ್. ಸೆಪ್ಟೆಂಬರಿನಲ್ಲಿ ಪ್ರಮೋಷನ್ ಕೊಟ್ಟು ನನ್ನನ್ನು ತಿರುವನಂತಪುರಕ್ಕೆ ಹಾಕಿದರು. ಮಗಳು ಜೀವಿತಾ ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿದ್ದಳು. ಕೊಚ್ಚಿಯ ಪಾಲಾರಿವಟ್ಟಂನ ಮಹಡಿ ಮನೆಯಲ್ಲೇ ಉಳಿದಳು. ಅವಳ ಊಟ, ತಿಂಡಿ, ಕಾವಲು ಎಲ್ಲ ಕೆಳಗಿರುವ ಓನರ್ ಚಂದ್ರಾವತಿಯವರದು, ನಮಗೆಲ್ಲ ಅವರು ಚೇಚಿ, ಅಂದರೆ ಅಕ್ಕ. ಅನಂತ ಏಲೂರಿನ ಫ್ಯಾಕ್ಟರಿಯಿಂದ ವಿಆರ್‌ಎಸ್ ತಗೊಂಡು ಎರಡು ವರ್ಷದ ಹಿಂದೆಯೇ ಮೈಸೂರು ಸೇರಿದರು. ವಿಜಯನಗರದಲ್ಲಿ ಮನೆ ಕಟ್ಟಿಸಿದ್ದಾಯಿತು. ತಾಯಿ ಮಗಳು ಬರಲಿ ಅಂತ ಕಾಯುತ್ತಿದ್ದಾರೆ.

ಮಗಳು ಬರುವುದಿಲ್ಲ ಅನ್ನುತ್ತಾಳೆ. ನಾನು ಇಬ್ಬರ ಮಧ್ಯೆ ರೈಲಿನಲ್ಲಿ.

ಕಾಯಂಕುಳಂ ಬಂತು. ಚಿಪ್ಸು ಮತ್ತೊಂದು ಸುತ್ತು.

15 ಫೆಬ್ರವರಿ, ಭಾನುವಾರ. ಪಾಲಾರಿವಟ್ಟಂ

ಒಂದು ಗಂಟೆಯಲ್ಲಿ ಹೊರಡಬೇಕು. ಎರಡು ದಿನದಲ್ಲಿ ಮಾಡಿದ್ದು: ಬಟ್ಟೆ ಇಸ್ತ್ರಿ, ಸಾರಿನ ಪುಡಿ, ಜೀವಿತಾಳ ಕೋಣೆ. ಆಡಿದ ಮಾತು — ಹೆಚ್ಚಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಇಂಗ್ಲಿಷ್. ನನಗೆ ಅಭ್ಯಾಸವಾಗಿದೆ. ಅನಂತರಿಗೆ ಆಗಿಲ್ಲ. ಫೋನಿನಲ್ಲಿ ಅವಳು ಅಪ್ಪಾ ಅನ್ನುವ ಬದಲು ಮಲಯಾಳದ ‘ಅಚ್ಛಾ’ ಅಂದುಬಿಟ್ಟರೆ, ಅಮ್ಮನಿಗೆ ಕೊಡು ಅನ್ನುತ್ತಾರೆ.

ಮೀನು ತಿನ್ನುತ್ತಾಳೆ. ಚೇಚಿಯೇ ಮೆಟ್ಟಿಲ ಹತ್ತಿರ ತಡೆದು ಹೇಳಿದರು, ತಪ್ಪು ಒಪ್ಪಿಕೊಳ್ಳುವವರ ಹಾಗೆ: ಬೆಳೆಯುವ ಹುಡುಗಿ, ಕೇಳಿದಾಗ ಕೊಡದೆ ಹೇಗಿರಲಿ. ಪರವಾಗಿಲ್ಲ ಅಂದೆ. ಮೈಸೂರಿಗೆ ಹೇಳುವ ವಿಷಯವಲ್ಲ.

ಚೇಚಿ ಇನ್ನೊಂದನ್ನೂ ಹೇಳಿದರು. ಹತ್ತನೇ ಕ್ಲಾಸೂ ಇಲ್ಲೇ ಮುಗಿಸಲಿ, ನಾನಿದ್ದೇನೆ, ನೀವು ನಿಶ್ಚಿಂತೆಯಿಂದ ಇರಿ ಅಂತ. ಮೈಸೂರಿಗೆ ಹೋಗುವುದಾದರೆ ಈ ಏಪ್ರಿಲಿಗೇ ಹೋಗಬೇಕು. ಹತ್ತನೇ ಕ್ಲಾಸು ಶುರುವಾದ ಮೇಲೆ ಸ್ಕೂಲು ಬದಲಿಸುವುದು ಕಷ್ಟ. ಇಲ್ಲವಾದರೆ ಇನ್ನೊಂದು ವರ್ಷ ಹೀಗೇ.

ನವೆಂಬರಿನಲ್ಲಿ ಒಂದು ಸಲ ಅವಳನ್ನು ಕೂರಿಸಿಕೊಂಡು ಕೇಳಿದ್ದೆ. “ಅಲ್ಲಿ ನಾನ್ ಯಾರು ಅಮ್ಮಾ?” ಅಂದಿದ್ದಳು. ಆಮೇಲೆ ಕೇಳಿಲ್ಲ.

18 ಫೆಬ್ರವರಿ, ಬುಧವಾರ. ತಿರುವನಂತಪುರ

ಕಮಲಾಕ್ಷ ಸರ್ ಕರೆಸಿದರು. ಆಫೀಸಿನಲ್ಲಿ ನನ್ನೊಡನೆ ಕನ್ನಡ ಮಾತಾಡುವವರು ಇವರೊಬ್ಬರೇ — ಕಾಸರಗೋಡಿನವರು. ಬಾಗಿಲು ಹಾಕಿಕೊಂಡರೆ ಕನ್ನಡ, ತೆರೆದರೆ ಇಂಗ್ಲಿಷ್.

“ಮೈಸೂರಿನ ಸೀಟು ಖಾಲಿ ಉಂಟು ಮೇಡಂ. ಬೆಂಗಳೂರಿಗೆ ನಾನೊಂದು ಮಾತು ಹೇಳಿದ್ರೆ ಆಯ್ತು. ಆದ್ರೆ ನೀವು ಹೂಂ ಅನ್ನಬೇಕಲ್ಲ?”

ಮಗಳನ್ನು ಕೇಳಬೇಕು ಅಂದೆ.

“ಎಂತ ಮಾರಾಯ್ರೆ. ಊರಿಗೆ ಹೋಗ್ಲಿಕ್ಕೆ ಬಿಡಿ ಅಂತ ಎಲ್ಲರೂ ಈ ಟೇಬಲ್ ಮುಂದೆ ಕೂತು ಅಳುದು. ಯೋಚನೆ ಮಾಡುವವರು ನೀವೊಬ್ಬರೇ.”

ಮಾರ್ಚ್ ಹದಿಮೂರರವರೆಗೆ ಸೀಟು ಹಿಡಿದಿಡುತ್ತಾರಂತೆ. ಅದು ಶುಕ್ರವಾರ. ಆಮೇಲೆ ಬೇರೆಯವರಿಗೆ.

19 ಫೆಬ್ರವರಿ, ಗುರುವಾರ

ಅನಂತರಿಗೆ ಹೇಳಿದೆ. ಧ್ವನಿಯೇ ಬದಲಾಯಿತು. ಸಂತೋಷಪಟ್ಟರೂ ಅವರು ತೋರಿಸಿಕೊಳ್ಳುವುದಿಲ್ಲ, ಮಾತಿನ ವೇಗ ಸ್ವಲ್ಪ ಹೆಚ್ಚುತ್ತದೆ, ಅಷ್ಟೇ. ಜೀವಿತಾಳ ಕೋಣೆಗೆ ಮೇಜು ಮಾಡಿಸಿದ್ದಾರೆ. ಕಿಟಕಿಗೆ ಎದುರಾಗಿ ಹಾಕಲೋ ಪಕ್ಕಕ್ಕೋ ಅಂತ ನನ್ನನ್ನು ಕೇಳಿದರು. ಪಕ್ಕಕ್ಕೆ ಅಂದೆ, ಬಿಸಿಲು ಕಣ್ಣಿಗೆ ಹೊಡೆಯಬಾರದು.

“ಅವಳೇನಂತಾಳೆ?”

“ಒಪ್ತಾ ಇಲ್ಲ.”

“ನೀನು ಹೇಳೋ ರೀತೀಲಿ ಹೇಳಿದ್ರೆ ಒಪ್ತಾಳೆ ಸುಮಿ.”

ನಾನು ಹೇಳುವ ರೀತಿ ಯಾವುದು? ಎರಡು ವರ್ಷದಿಂದ ಅವರು ಇದೇ ಪ್ರಶ್ನೆ ಕೇಳುತ್ತಾರೆ, ನಾನು ಇದೇ ಉತ್ತರ ಕೊಡುತ್ತೇನೆ. ಫೋನ್ ಇಟ್ಟು ಮೊಸರನ್ನ ಕಲಸಿಕೊಂಡೆ. ಅಡುಗೆಮನೆ ಕಟ್ಟೆಗೆ ಒರಗಿ, ನಿಂತುಕೊಂಡೇ ತಿಂದೆ. ಪಾತ್ರೆ ಬೆಳಿಗ್ಗೆ ತೊಳೆದರಾಯಿತು. ಬಾಗಿಲಿಗೆ ಚಿಲಕ ಹಾಕಿದ ಮೇಲೆ ಈ ಎರಡು ಕೋಣೆಯಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ.

2 ಮಾರ್ಚ್, ಸೋಮವಾರ

ಹತ್ತು ದಿನ ಬರೆದಿಲ್ಲ. ಕಂಬ ಕಂಬಕ್ಕೂ ಮೈಕು. ಮಣಕ್ಕಾಡಿನ ಈ ಬೀದಿಯಿಂದ ಆಟ್ಟುಕಾಲ್ ದೇವಸ್ಥಾನಕ್ಕೆ ನಡೆದೇ ಹೋಗಬಹುದು, ಅಲ್ಲಿ ಉತ್ಸವ ಶುರುವಾಗಿದೆ. ಹತ್ತನೇ ತಾರೀಕು ಮಂಗಳವಾರ ಪೊಂಗಾಲ. ಆಫೀಸಿಗೆ ರಜ. ಹೆಂಗಸರು ದೇವಿಗೆ ಪಾಯಸ ಬೇಯಿಸುವ ಹಬ್ಬ ಅಂತ ಗೊತ್ತು. ದೇವಸ್ಥಾನದ ಅಂಗಳದಲ್ಲಿ ನಡೆಯುತ್ತದೇನೋ.

ಜೀವಿತಾಳ ಪರೀಕ್ಷೆ ಶುಕ್ರವಾರ ಮುಗಿಯುತ್ತದೆ. ಈ ಸಲ ನಾನು ಹೋಗುವ ಬದಲು ಅವಳೇ ಇಲ್ಲಿಗೆ ಬರುತ್ತಾಳಂತೆ. ತಾನಾಗಿ ಹೇಳಿದಳು. ನಾಲ್ಕು ದಿನ ಸಿಗುತ್ತಾಳೆ. ಮೈಸೂರಿನ ಮಾತು ಎತ್ತಬೇಕು. ಯಾವ ದಿನ, ಯಾವ ಹೊತ್ತು — ಆಫೀಸಿನಲ್ಲಿ ಕೂತು ಇದನ್ನೇ ಯೋಚಿಸಿದೆ. ಎತ್ತದೇ ಇರಲು ಕಾರಣಗಳೂ ಜೊತೆಯಲ್ಲೇ ಹೊಳೆಯುತ್ತಿದ್ದವು.

8 ಮಾರ್ಚ್, ಭಾನುವಾರ. ಬೆಳಿಗ್ಗೆ

ಜೀವಿತಾ ನಿನ್ನೆ ಬಂದಳು. ಒಬ್ಬಳೇ ರೈಲಿನಲ್ಲಿ ಬಂದದ್ದು ಮೊದಲ ಸಲ. ಪ್ಲಾಟ್‌ಫಾರ್ಮಿನಲ್ಲಿ ಇಳಿದು ಬಂದ ರೀತಿ ನೋಡಿದರೆ ಇದು ಮಾಮೂಲು ಅನ್ನಬೇಕು. ಇನ್ನೂ ಮಲಗಿದ್ದಾಳೆ.

ಮಗಳು ಬಂದಿದ್ದಾಳೆ ಅಂತ ಬೇಗ ಎದ್ದು ಗೇಟಿನ ಮುಂದೆ ಗುಡಿಸಲು ಹೋದರೆ, ನಾನು ರಂಗೋಲಿ ಹಾಕುವ ಜಾಗದಲ್ಲೇ ಯಾರೋ ಇಟ್ಟಿಗೆ ಬಿಟ್ಟು ಹೋಗಿದ್ದಾರೆ. ಮೂರು ಇಟ್ಟಿಗೆ. ಎದುರುಮನೆಯಲ್ಲಿ ಮಹಡಿ ಕಟ್ಟುತ್ತಿದ್ದಾರೆ, ಅವರದೇ. ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದಿತ್ತು, ಮೇಸ್ತ್ರಿಯ ಗುರುತು ಇರಬೇಕು. ಎತ್ತಿ ಅವರ ಮರಳಿನ ರಾಶಿಯ ಮೇಲೆ ಇಟ್ಟುಬಂದೆ. ನೀರು ಹಾಕಿ ತೊಳೆದು ದೊಡ್ಡದಾಗಿಯೇ ರಂಗೋಲಿ ಹಾಕಿದೆ. ಇಡೀ ಬೀದಿಯಲ್ಲಿ ರಂಗೋಲಿ ಇರುವುದು ನನ್ನ ಗೇಟಿಗೊಂದೇ. ಹತ್ತು ವರ್ಷ ಕೊಚ್ಚಿಯಲ್ಲೂ ಬಿಟ್ಟಿಲ್ಲ. ಅಷ್ಟಾದರೂ ಇರಲಿ ಅಂತ.

ಆಮೇಲೆ ನೋಡಿದರೆ ಬೀದಿಯುದ್ದಕ್ಕೂ ಇಟ್ಟಿಗೆಗಳು. ಕಾರ್ಪೊರೇಷನ್ ಕೆಲಸ ಇದ್ದರೂ ಇರಬಹುದು.

9 ಮಾರ್ಚ್, ಸೋಮವಾರ. ರಾತ್ರಿ ಊಟವಾದ ಮೇಲೆ

ಕಾರ್ಪೊರೇಷನ್ ಕೆಲಸ ಅಲ್ಲ.

ಆಫೀಸಿನಿಂದ ಬರುವಾಗ ಸ್ಕೂಟಿ ಬೀದಿಯೊಳಗೆ ಬರಲೇ ಇಲ್ಲ, ತಿರುವಿನಲ್ಲೇ ಬಿಟ್ಟು ನಡೆದೆ. ರಸ್ತೆಯ ಎರಡೂ ಬದಿ ಹೆಂಗಸರು — ಚಾಪೆ, ಮಡಕೆ, ತೆಂಗಿನ ಗರಿಯ ಕಟ್ಟು. ನಾಳೆ ಇಡೀ ಊರಿನ ರಸ್ತೆಗಳೇ ಒಲೆಯಂತೆ. ಮೂರು ಇಟ್ಟಿಗೆ ಎಂದರೆ ಒಬ್ಬರ ಜಾಗ. ಎಷ್ಟೋ ದಿನ ಮುಂಚೆಯೇ ಬಂದು ಇಟ್ಟು, ಹೆಸರು ಬರೆದು ಹೋಗುತ್ತಾರೆ. ಯಾರೂ ಮುಟ್ಟುವುದಿಲ್ಲ.

ಗೇಟಿನ ಹತ್ತಿರ ಜೀವಿತಾ ನಿಂತಿದ್ದಳು. ಜೊತೆಗೆ ನನಗಿಂತ ಹತ್ತು ವರ್ಷ ದೊಡ್ಡವರಾದ ಒಬ್ಬ ಹೆಂಗಸು, ಗೋಣಿಚೀಲದಲ್ಲಿ ಮಡಕೆ, ಕಂಕುಳಲ್ಲಿ ಕೊಡೆ. ತಂಗಮಣಿ. ಕೊಲ್ಲಂನಲ್ಲಿ ಟೈಲರಿಂಗ್ ಅಂಗಡಿಯಂತೆ. ಪ್ರತಿ ವರ್ಷ ಪೊಂಗಾಲಕ್ಕೆ ಇದೇ ಗೇಟಿನ ಮುಂದೆ, ಈ ಮನೆಯಲ್ಲಿ ಯಾರಿದ್ದರೂ. ಶನಿವಾರ ರಾತ್ರಿ ಇಲ್ಲಿನ ನೆಂಟರ ಕೈಲಿ ಇಟ್ಟಿಗೆ ಇಡಿಸಿದ್ದರು. ಈಗ ಅಲ್ಲಿ ನೆಯ್ಯಾಟ್ಟಿಂಕರದಿಂದ ಬಂದ ಇಬ್ಬರು ಅಕ್ಕತಂಗಿಯರು ಒಲೆ ಹೂಡಿ ಕೂತಿದ್ದಾರೆ. ನಾವು ಬಂದಾಗ ಖಾಲಿ ಇತ್ತು ಅನ್ನುತ್ತಾರೆ. ಸುಳ್ಳಲ್ಲ.

“ಅಮ್ಮಾ, ಇಟ್ಟಿಗೆ ಎಲ್ ಹೋಯ್ತು ಅಂತ ಕೇಳ್ತಿದಾರೆ. ನೀನ್ ನೋಡಿದ್ಯಾ?”

ಇಲ್ಲ ಅನ್ನಬಹುದಿತ್ತು. ಒಂದು ಕ್ಷಣ ಆ ಯೋಚನೆ ಬಂದದ್ದು ನಿಜ.

“ನಾನೇ ತೆಗೆದೆ. ರಂಗೋಲಿ ಹಾಕಕ್ಕೆ.”

ಜೀವಿತಾ ಅದನ್ನು ತಕ್ಷಣ ಮಲಯಾಳದಲ್ಲಿ ಹೇಳಲಿಲ್ಲ. ಹೇಳಿದ ಮೇಲೆ ತಂಗಮಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಾರ್ ಕೇರಳಕ್ಕೆ ಬಂದು ಎಷ್ಟು ಕಾಲವಾಯಿತು ಅಂತ ಕೇಳಿದರು, ಮಗುವಿಗೆ ಕೇಳುವಷ್ಟು ನಿಧಾನವಾಗಿ. ಹತ್ತು ವರ್ಷ ಅಂದೆ.

“ಹತ್ತು ದಿನ ಅಂದಿದ್ದರೆ ಬಿಟ್ಟುಬಿಡುತ್ತಿದ್ದೆ,” ಅಂದರು. ಅಷ್ಟು ಮಲಯಾಳ ನನಗೂ ಬರುತ್ತದೆ. ಅಕ್ಕತಂಗಿಯರು ನಕ್ಕರು.

ಮರಳಿನ ರಾಶಿಯ ಮೇಲೆ ಇಟ್ಟಿಗೆ ಇರಲಿಲ್ಲ. ಯಾರ ಒಲೆಗೆ ಹೋಯಿತೋ. ಗೇಟಿನ ಒಳಗೆ ಸ್ಕೂಟಿ ನಿಲ್ಲಿಸುವ ಜಾಗ ಇದೆ, ಅಲ್ಲಿ ಮಾಡಿ ಅಂದೆ. ಮನೆಯೊಳಗೆ ಬೇಯಿಸಲು ಕೊಲ್ಲಂನಿಂದ ಬರಬೇಕಿತ್ತಾ, ನನ್ನ ಅಡುಗೆಮನೆಗೇನಾಗಿತ್ತು ಅಂದರು. ತಪ್ಪು ನನ್ನದೇ, ಆದರೂ ಸಿಟ್ಟು ಬಂತು. ಆಮೇಲೆ ಜೀವಿತಾ ಆಕೆಯ ಪಕ್ಕ ಫುಟ್‌ಪಾತಿನಲ್ಲಿ ಕೂತು ಏನೇನೋ ಮಾತಾಡಿದಳು — ನಗು, ವಾದ, ಮತ್ತೆ ನಗು. ಆ ಹುಡುಗಿಯ ಕೈ ಆಡುವ ರೀತಿ, ತಲೆ ಆಡಿಸುವ ರೀತಿ ನನಗೆ ಹೊಸದು. ಮನೆಯಲ್ಲಿ ಅವಳು ಇಷ್ಟು ಮಾತಾಡುವುದೇ ಇಲ್ಲ.

ಕೊನೆಗೆ ಇಬ್ಬರೂ ಎದ್ದು ಬಂದು ಗೇಟನ್ನೇ ಕೀಲಿನಿಂದ ಎತ್ತಿದರು. ನಾನೂ ಒಂದು ಕೈ ಹಿಡಿದೆ. ಗೋಡೆಗೆ ಒರಗಿಸಿದ ಮೇಲೆ ಅಂಗಳವೂ ಬೀದಿಯೂ ಒಂದೇ ಆಯಿತು. ಗೇಟಿದ್ದ ಇಳಿಜಾರಿನ ಮೇಲೆ ಎದುರುಮನೆಯವರಿಂದ ಕೇಳಿ ತಂದ ಹೊಸ ಇಟ್ಟಿಗೆ. ತಂಗಮಣಿ ಕೂತು ನೋಡಿದರು, ಎದ್ದು ನೋಡಿದರು. ಹೊಗೆಯೆಲ್ಲ ಸಾರ್ ಮನೆಗೇ ಹೋಗುತ್ತದೆ, ಹೋಗಲಿ ಅಂದರು.

ಒಳಗೆ ಬಂದ ಮೇಲೆ ಜೀವಿತಾ: “ಯು ಡಿಡ್ನ್ಟ್ ಈವನ್ ಆಸ್ಕ್ ಎನಿವನ್. ನಿಂಗೆ ಅಡ್ಡ ಇತ್ತು, ಎತ್ತಿ ಆ ಕಡೆ ಇಟ್ಟೆ.”

ಮೂರು ದಿನದಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಮೈಸೂರಿನ ಮಾತು. ಇವತ್ತು ಎತ್ತಲಿಲ್ಲ. ಹೇಗೆ ಎತ್ತಲಿ.

10 ಮಾರ್ಚ್, ಮಂಗಳವಾರ. ಸಂಜೆ

ಮೈಯೆಲ್ಲ ಹೊಗೆ. ಎರಡು ಸಲ ಸ್ನಾನ ಮಾಡಿದರೂ ಕೂದಲಿನಿಂದ ಹೋಗಿಲ್ಲ.

ಬೆಳಿಗ್ಗೆ ಜೀವಿತಾ ತಾನೂ ಒಂದು ಸಣ್ಣ ಮಡಕೆ ತಂದುಬಿಟ್ಟಳು. ಮನೆಯಲ್ಲಿ ದೀಪ ಹಚ್ಚು ಎಂದರೆ ನಾಲ್ಕು ಸಲ ಹೇಳಬೇಕಾದ ಹುಡುಗಿ. ತಂಗಮಣಿಯ ಒಲೆಯ ಪಕ್ಕ ಅವಳ ಒಲೆ. ನನಗೆ ಗರಿ ಮುರಿಯುವ ಕೆಲಸ. ದೇವಸ್ಥಾನದಲ್ಲಿ ಹೊತ್ತಿಸಿದ ಬೆಂಕಿ ಒಲೆಯಿಂದ ಒಲೆಗೆ ಬರಬೇಕು. ನಮ್ಮ ಬೀದಿಗೆ ಅದು ತಲುಪುವ ಹೊತ್ತಿಗೆ ಸೂರ್ಯ ನೆತ್ತಿಯ ಹತ್ತಿರ. ನೆಯ್ಯಾಟ್ಟಿಂಕರದ ಅಕ್ಕನೇ ಉರಿಯುವ ಗರಿ ತಂದು ತಂಗಮಣಿಗೆ ಕೊಟ್ಟಳು. ನಿನ್ನೆಯ ಜಗಳ ನಿನ್ನೆಗೆ. ತಂಗಮಣಿ ಜೀವಿತಾಳಿಗೆ ಕೊಟ್ಟರು. ಒಂದೇ ಸಲಕ್ಕೆ ಬೀದಿ ಮಾಯವಾಯಿತು. ಹೊಗೆಯಲ್ಲಿ ಬರೀ ಕೆಮ್ಮು, ಬಳೆ ಸದ್ದು, ಅಲ್ಲಲ್ಲಿ ಹೆಂಗಸರು ನಾಲಿಗೆ ಆಡಿಸಿ ಕೂಗುವ ಕುರವೆ.

ತಂಗಮಣಿ ಇಡೀ ದಿನ ಗೊಣಗಿದರು. ಇಲ್ಲಿ ಇಳಿಜಾರು, ಮಡಕೆ ವಾಲುತ್ತದೆ. ಇಲ್ಲಿ ನೆರಳಿಲ್ಲ. ಪೂಜಾರಿ ಬಂದು ತೀರ್ಥ ಚಿಮುಕಿಸುವಾಗ ಇಷ್ಟು ಒಳಗೆ ತಲುಪದಿದ್ದರೆ ಸಾರೇ ಜವಾಬ್ದಾರಿ. ಬೆಲ್ಲ ಹಾಕುವುದು ಈಗಲ್ಲ ಮಗಳೇ, ಅಕ್ಕಿ ಬೇಯಲಿ. ಜೀವಿತಾಳ ಮಡಕೆ ಮೊದಲು ಉಕ್ಕಿತು. ಆಗ ಮಾತ್ರ ಗೊಣಗಾಟ ನಿಲ್ಲಿಸಿ ಅವಳ ತಲೆ ಮುಟ್ಟಿದರು. ಏನು ಕೇಳಿಕೊಂಡೆ ಅಂತ ಕೇಳಿದರು.

ನಾನು ಮಾರು ದೂರದಲ್ಲಿ ಬೀಸಣಿಗೆ ಹಿಡಿದು ಕೂತಿದ್ದೆ. ಜೀವಿತಾ ನನ್ನ ಕಡೆ ನೋಡದೆ ಮಲಯಾಳದಲ್ಲಿ ಹೇಳಿದಳು: ಅಮ್ಮ ಯಾವುದಾದರೂ ಒಂದು ಕಡೆ ಇರುವ ಹಾಗೆ ಆಗಲಿ ಅಂತ.

ಹೊಗೆ ಅಂತ ಕಣ್ಣು ಒರೆಸಿಕೊಂಡೆ. ಹೊಗೆ ಇತ್ತು ಕೂಡ.

ತೀರ್ಥ ತಲುಪಿತು. ಹೊರಡುವಾಗ ತಂಗಮಣಿ ಬಾಳೆಲೆಯಲ್ಲಿ ಪಾಯಸ ಕೊಟ್ಟರು, ಮುಖ ಇನ್ನೂ ಸ್ವಲ್ಪ ಬಿಗಿಯಾಗಿಯೇ. ಮುಂದಿನ ವರ್ಷ ನನ್ನ ಇಟ್ಟಿಗೆ ಸಾರೇ ಇಡಬೇಕು, ಉತ್ಸವ ಶುರುವಾದ ದಿನವೇ, ಕಾಯಲೂ ಬೇಕು ಅಂದರು.

“ಇಡ್ತೀನಿ,” ಅಂದೆ. ಕನ್ನಡದಲ್ಲೇ ಬಂತು. ಅವರಿಗೆ ಅರ್ಥವಾಯಿತು.

11 ಮಾರ್ಚ್, ಬುಧವಾರ

ಜೀವಿತಾಳನ್ನು ರೈಲು ಹತ್ತಿಸಿ ಬಂದೆ. ಟೆನ್ಷನ್ನಿಗೆ ಸ್ಟೇಷನ್ ಕಾಫಿ ಎರಡು ಸಲ ಕುಡಿದೆ. ಅಲ್ಲೇ, ರೈಲು ಬಿಡುವ ಮೊದಲು, ಮೈಸೂರಿನ ವಿಷಯ ಹೇಳಿಬಿಡಬೇಕು ಅಂದುಕೊಂಡಿದ್ದೆ. ಶುಕ್ರವಾರ ಕಡೇ ದಿನ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಶುರು ಮಾಡಿದಳು. ಪೂರ್ತಿ ಕನ್ನಡದಲ್ಲಿ, ಹುಡುಕಿ ಹುಡುಕಿ.

“ನಾನು ಬರ್ತೀನಿ ಅಮ್ಮಾ. ಮೈಸೂರಿಗೆ. ಅಪ್ಪಂಗೆ ಹೇಳು.”

ಯಾಕೆ, ಇದ್ದಕ್ಕಿದ್ದ ಹಾಗೆ, ಅಂತ ಕೇಳಿದೆ.

“ಅಪ್ಪ ಮೇಜು ಮಾಡ್ಸಿದಾರಲ್ಲ. ಮತ್ತೆ ನೀನು... ಎವ್ರಿ ವೀಕ್ ಹೀಗೆ. ನಿನ್ನ ಮುಖ ನೋಡಿದೀಯಾ? ನನ್ನಿಂದ ಅಲ್ವಾ ಎಲ್ಲಾ.”

ನಿನ್ನಿಂದ ಏನೂ ಅಲ್ಲ ಅಂದೆ. ಎಲ್ಲ ತಾಯಂದಿರೂ ಹಾಗೆ ಅನ್ನುತ್ತಾರೆ ಅನ್ನುವ ಹಾಗೆ ನಕ್ಕಳು. ಫ್ರೆಂಡ್ಸ್ ಏನಾಗುತ್ತಾರೆ ಎಂದರೆ “ಇ-ಮೇಲ್ ಇದೆಯಲ್ಲ” ಅಂದಳು, ಆದರೆ ಆಗ ಮುಖ ಕಿಟಕಿಯಿಂದ ಒಳಕ್ಕೆ ತಿರುಗಿತ್ತು. ರೈಲು ಹೊರಟಿತು.

ಬಯಸಿದ್ದು ಇದನ್ನೇ. ಸ್ಟೇಷನ್ನಿನಿಂದಲೇ ಅನಂತರಿಗೆ ಫೋನ್ ಮಾಡಬಹುದಿತ್ತು, ಮೊಬೈಲು ಕೈಯಲ್ಲೇ ಇತ್ತು. ಮಾಡಲಿಲ್ಲ. ಗದ್ದಲ ಅಂದುಕೊಂಡೆ. ಮನೆಯಲ್ಲಿ ಗದ್ದಲ ಇಲ್ಲ.

12 ಮಾರ್ಚ್, ಗುರುವಾರ. ಸಂಜೆ

ನಿನ್ನೆ ಅನಂತ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ತಲೆನೋವು ಅಂತ ಮೆಸೇಜ್ ಕಳಿಸಿದೆ. ಇವತ್ತು ಆಫೀಸಿನಲ್ಲಿ ಕಮಲಾಕ್ಷ ಸರ್ ಕಾರಿಡಾರಿನಲ್ಲಿ ಎದುರಾದರು, ನಾಳೆ ಮೇಡಂ, ನಾಳೆ ಅಂತ ಬೆರಳು ತೋರಿಸಿದರು.

ಸಂತೋಷ ಯಾಕೆ ಆಗುತ್ತಿಲ್ಲ? ಆಗುತ್ತದೆ, ಸ್ವಲ್ಪ ಕಾಯೋಣ ಅಂತ ಇಡೀ ದಿನ ಕಾದೆ.

ಕ್ರಮವಾಗಿ ಯೋಚಿಸೋಣ. ಮಗಳು ಒಪ್ಪಿದಳು. ಗಂಡ ಕಾಯುತ್ತಿದ್ದಾರೆ, ಒಳ್ಳೆಯವರು, ಜಗಳ ಕಾದವರಲ್ಲ. ಸೀಟು ಖಾಲಿ ಇದೆ. ಅಡ್ಡ ಇರುವುದು ಏನು? ಜೀವಿತಾ ಅಂದುಕೊಂಡಿದ್ದೆ. ಅವಳು ದಾರಿ ಬಿಟ್ಟಳು. ಬಿಟ್ಟ ಮೇಲೆ ನೋಡಿದರೆ ಅಲ್ಲಿ ನಿಂತಿರುವುದು ನಾನು.

‘ಇಡ್ತೀನಿ’ ಅಂದೆನಲ್ಲ ತಂಗಮಣಿಗೆ. ಮುಂದಿನ ವರ್ಷ. ಅದು ಮರ್ಯಾದೆಗೆ ಅಂದ ಮಾತಲ್ಲ. ಆ ಕ್ಷಣ ಮೈಸೂರು ನೆನಪಿಗೇ ಬರಲಿಲ್ಲ. ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನದೇ ಬೀಗದಕೈ ಇರುವ ಎರಡು ಕೋಣೆ. ಸಂಜೆ ಮ್ಯೂಸಿಯಂ ಸುತ್ತ ನಡೆದು ಬರುತ್ತೇನೆ. ಬೇಕಾದರೆ ಅಡುಗೆ, ಬೇಡವಾದರೆ ಇಲ್ಲ. ಆರು ತಿಂಗಳಿನಿಂದ ಇದಕ್ಕೆ ‘ಕಷ್ಟ’ ಅನ್ನುತ್ತಾ ಬಂದೆ. ಎಲ್ಲರೂ ಪಾಪ ಅಂದರು. ನಾನೂ ಅಂದುಕೊಂಡೆ. ರೈಲಿನಲ್ಲಿ ಕೂತು ದಣಿದ ಮುಖ ಮಾಡಿಕೊಂಡದ್ದು ಸುಳ್ಳಲ್ಲ, ಆದರೆ ಭಾನುವಾರ ಸಂಜೆ ರೈಲು ತಿರುವನಂತಪುರದ ಕಡೆ ತಿರುಗಿದಾಗ ಆಗುತ್ತಿದ್ದದ್ದು ದಣಿವಲ್ಲ. ಅದೇನು ಅಂತ ಕೇಳಿಕೊಂಡಿರಲಿಲ್ಲ.

ಇದು ಸ್ವಾರ್ಥವೇ? ಇರಬಹುದು. ಗಂಡನ ಮೇಲೆ ಪ್ರೀತಿ ಇಲ್ಲ ಅಂತಲೇ? ಅಲ್ಲ. ಅವರು ಇಲ್ಲಿಗೆ ಬಂದು ಹತ್ತು ದಿನ ಇದ್ದು ಹೋದರೆ ಇಷ್ಟ. ಹಾಗಾದರೆ? ಗೊತ್ತಿಲ್ಲ.

ಜೀವಿತಾ ಈಗ ಚೇಚಿಯ ಮನೆಯಲ್ಲಿ ಪುಸ್ತಕ ಜೋಡಿಸುತ್ತಿರಬಹುದು. ಹದಿನಾಲ್ಕು ವರ್ಷದ ಹುಡುಗಿ, ನನ್ನ ಸಲುವಾಗಿ ಊರು ಬಿಡಲು ಸಿದ್ಧಳಾಗಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಹೋಗುತ್ತದೆ. ಅವಳಿಗೆ ಮೇಜು, ಅವರಿಗೆ ಮಗಳು. ಅಥವಾ ನಾನು ಇನ್ನೊಂದು ಸಲ ‘ಒಪ್ತಾ ಇಲ್ಲ’ ಅನ್ನಬಹುದು. ಅನಂತ ನಂಬುತ್ತಾರೆ.

13 ಮಾರ್ಚ್, ಶುಕ್ರವಾರ. ಬೆಳಿಗ್ಗೆ ಎಂಟು

ಮನೆಯ ಫೋನಿನಿಂದಲೇ ಮಾಡಿದೆ, ಮೊಬೈಲಿನಲ್ಲಿ ಲೈನ್ ಕತ್ತರಿಸಿ ಹೋಗಬಾರದು ಅಂತ. ಒಂದೇ ರಿಂಗಿಗೆ ಎತ್ತಿದರು. ತಲೆನೋವು ಹೇಗಿದೆ ಅಂದರು. ಹೋಯಿತು ಅಂದೆ.

“ಅವಳೇನಂದ್ಲು?”

ಎರಡು ವರ್ಷದ ಉತ್ತರ ನಾಲಿಗೆಯ ಮೇಲೆ ಇತ್ತು. “ಬರ್ತೀನಿ ಅಂದ್ಲು,” ಅಂದೆ.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಮಾತಿನ ವೇಗ ಹೆಚ್ಚಿತು — ಸ್ಕೂಲಿನವರನ್ನು ಸೋಮವಾರವೇ ನೋಡುತ್ತಾರಂತೆ, ಲಾರಿಯವನು ಗೊತ್ತಿರುವವನು, ಕರ್ಟನ್ ಬಟ್ಟೆ ನೀನು ಬಂದ ಮೇಲೆ ಆರಿಸು. “ಅಂತೂ ಮುಗೀತಲ್ಲ ಸುಮಿ.”

“ಮುಗಿದಿಲ್ಲ,” ಅಂದೆ. “ಅವಳ ವಿಷಯ ಅಲ್ಲ. ನನ್ನ ವಿಷಯ. ಇದುವರೆಗೂ ನಾನು ಹೇಳಿಲ್ಲ, ಅವಳ ಹೆಸರು ಹೇಳ್ತಾ ಬಂದೆ.”

ಏನು ಅಂದರು. ಅಷ್ಟರಲ್ಲಿ ಅವರ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಹೋಗಿ ಆಫ್ ಮಾಡಿ ಬನ್ನಿ, ಹಿಡಿದುಕೊಂಡಿರುತ್ತೇನೆ ಅಂದೆ. ಯಾಕೋ ಅವರು ತಕ್ಷಣ ಹೋಗಲಿಲ್ಲ. ಆಮೇಲೆ ಹೋದರು.

ರಿಸೀವರ್ ಎಡಗಿವಿಗೆ ಒತ್ತಿಕೊಂಡಿದ್ದೇನೆ. ಬಲಗೈಯಲ್ಲಿ ಈ ಪೆನ್ನು. ಕೈ ಸುಮ್ಮನಿದ್ದರೆ ಫೋನ್ ಇಟ್ಟುಬಿಡುತ್ತೇನೆ ಅನ್ನುವ ಹೆದರಿಕೆ. ಆ ಮನೆ ದೊಡ್ಡದು, ಹಾಲ್ ದಾಟಿ ಬರಬೇಕು. ಬರೀ ಗೋಡೆಗಳ ಸದ್ದು ಕೇಳುತ್ತಿದೆ. ಜೀವಿತಾ ಕೊಚ್ಚಿಯಲ್ಲಿ ಇರಲಿ ಅಂತ ಶುರು ಮಾಡಬಾರದು. ‘ನನಗೆ’ ಅಂತ ಶುರು ಮಾಡಬೇಕು. ನನಗೆ ಇಲ್ಲಿ ಇನ್ನೂ ಸ್ವಲ್ಪ ಕಾಲ

ಚಪ್ಪಲಿ ಸದ್ದು. ಬಂದರು. ಕುರ್ಚಿ ಎಳೆದುಕೊಂಡು ಕೂತರು, ಹೇಳು ಅನ್ನುತ್ತಿದ್ದಾ—